ಒಂದೇ ಡಾಕ್‌ಬುಕ್ ಕಡತ, ಮೂರು ದಾರಿ: ಪುಟ ಕೆಟ್ಟಾಗ ತಪ್ಪನ್ನು ಹುಡುಕುವ ಬಗೆ

ಡಾಕ್‌ಬುಕ್ ಎಕ್ಸ್‌ಎಂಎಲ್‌ನಲ್ಲಿದ್ದ (ಪಠ್ಯದ ಭಾಗಗಳನ್ನು ಟ್ಯಾಗ್‌ಗಳಿಂದ ಗುರುತಿಸುವ ರೂಪ) ತಾಂತ್ರಿಕ ಕೈಪಿಡಿಯೊಂದನ್ನು ಮುದ್ರಣಕ್ಕೆ ಅಣಿಗೊಳಿಸುವಾಗ ಕೋಡಿನ ಉದ್ದ ಸಾಲುಗಳು ಅಂಚು ದಾಟುತ್ತಿದ್ದವು, ಕೋಷ್ಟಕದ ಸಾಲುಗಳು ಎರಡು ಪುಟಗಳ ನಡುವೆ ತುಂಡಾಗುತ್ತಿದ್ದವು. ಅದೇ ಕಡತವನ್ನು ಅಪಾಚೆ ಎಫ್‌ಒಪಿ, ವೀಸಿಪ್ರಿಂಟ್ ಮತ್ತು ಝೀಲೇಟೆಕ್ ಎಂಬ, ಪುಟ ಜೋಡಿಸಿ ಪಿಡಿಎಫ್ ಕೊಡುವ ಮೂರು ತಂತ್ರಾಂಶಗಳಲ್ಲಿ ಹಾಯಿಸಿ ನೋಡಿದೆ. ಪುಟದ ಅಂದಕ್ಕಿಂತ, ತಪ್ಪು ಎಲ್ಲಿದೆ ಎಂಬುದನ್ನು ಯಾವುದು ಬಾಯಿಬಿಟ್ಟು ಹೇಳುತ್ತದೆ ಎಂಬುದೇ ನನಗೆ ಮುಖ್ಯವಾಗಿತ್ತು.

ಎಫ್‌ಒಪಿಯ ಎಚ್ಚರಿಕೆಗಳು ಮೊದಲು ಗೊಂದಲ ಹುಟ್ಟಿಸುತ್ತವೆ, ಏಕೆಂದರೆ ಅಲ್ಲಿನ ಅಳತೆ ಮಿಲಿಪಾಯಿಂಟ್‌ಗಳಲ್ಲಿರುತ್ತದೆ. ಒಂದು ಅಂಗುಲಕ್ಕೆ 72,000 ಮಿಲಿಪಾಯಿಂಟ್ ಎಂಬ ಲೆಕ್ಕ ತಿಳಿದ ಮೇಲೆ, 14,400 ಎಂದರೆ ಸಾಲು ಸುಮಾರು 5 ಮಿ.ಮೀ. ಆಚೆ ಹೋಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಕೋಡಿನ ಭಾಗಕ್ಕೆ ಸ್ಟೈಲ್‌ಶೀಟ್‌ನಲ್ಲಿ (ಪುಟದ ರೂಪ ನಿರ್ಧರಿಸುವ ನಿಯಮಗಳ ಕಡತ) ಸಾಲು ಮಡಚುವ ಗುಣವನ್ನು ಸೇರಿಸಿದಾಗ ಬಹುಪಾಲು ಎಚ್ಚರಿಕೆಗಳು ಮಾಯವಾದವು. ಕೋಷ್ಟಕವೇ ಹೆಚ್ಚು ಕಾಡಿತು: ಕಾಲಮ್ಮುಗಳ ಅಗಲವನ್ನು ಎಫ್‌ಒಪಿ ತಾನಾಗಿ ನಿರ್ಧರಿಸುವುದಿಲ್ಲವಾದ್ದರಿಂದ ನಾವೇ ನಮೂದಿಸಬೇಕು, ಅಲ್ಲದೆ ಡಾಕ್‌ಬುಕ್ ಸ್ಟೈಲ್‌ಶೀಟ್‌ಗಳು ಶೀರ್ಷಿಕೆಯುಳ್ಳ ಕೋಷ್ಟಕವನ್ನು ಒಡೆಯಬಾರದೆಂದು ಮೊದಲೇ ವಿಧಿಸಿರುವುದರಿಂದ, ಒಂದು ಪುಟಕ್ಕಿಂತ ಉದ್ದವಾದ ಕೋಷ್ಟಕಕ್ಕೆ ಆ ನಿಯಮವನ್ನು ಪ್ರತ್ಯೇಕವಾಗಿ ಸಡಿಲಿಸಬೇಕು. ನಾನು ಅದನ್ನು ಸಡಿಲಿಸಿ, ಪ್ರತಿ ಸಾಲಿಗೆ ಮಾತ್ರ ಒಡೆಯದಂತೆ ಕಟ್ಟುಪಾಡು ಹಾಕಿದೆ.

ವೀಸಿಪ್ರಿಂಟ್‌ನಲ್ಲಿ ಇಷ್ಟೆಲ್ಲ ಕೆಲಸವೂ ವೆಬ್ ಪುಟಗಳ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್‌ನ ಮೂರು ನಾಲ್ಕು ಸಾಲುಗಳಲ್ಲಿ ಮುಗಿಯಿತು. ಆದರೆ ಸಾಲು ಅಂಚು ದಾಟಿದರೂ ಅದು ಚಕಾರವೆತ್ತಲಿಲ್ಲ. ಪ್ರತಿ ಬ್ಲಾಕಿನ ಸುತ್ತ ಕೆಂಪು ಗೆರೆ ಎಳೆಯುವ ಪರೀಕ್ಷಾ ಸ್ಟೈಲ್‌ಶೀಟ್ ಬರೆದು, ಪುಟ ಪುಟವನ್ನೂ ಕಣ್ಣಿನಿಂದಲೇ ನೋಡಬೇಕಾಯಿತು.

ಝೀಲೇಟೆಕ್ ದೂರು ಹೇಳುವುದರಲ್ಲಿ ಧಾರಾಳಿ. ಡ್ರಾಫ್ಟ್ ಆಯ್ಕೆ ಕೊಟ್ಟರೆ ಹೊರಚಾಚಿದ ಸಾಲಿನ ಪಕ್ಕದಲ್ಲಿ ಕಪ್ಪು ಪಟ್ಟಿಯನ್ನೂ ಹಾಕುತ್ತದೆ. ಉದ್ದ ಕೋಷ್ಟಕಗಳಿಗಾಗಿ ಇರುವ ಅದರ ಲಾಂಗ್‌ಟೇಬಲ್ ಪ್ಯಾಕೇಜ್ ಸಾಲುಗಳ ನಡುವೆ ಮಾತ್ರ ಪುಟ ಒಡೆಯುವುದರಿಂದ ತುಂಡಾಗುವ ಸಮಸ್ಯೆಯೇ ಬರಲಿಲ್ಲ. ತೊಡಕಿರುವುದು ಬೇರೆಡೆ: ಎಕ್ಸ್‌ಎಂಎಲ್ ಅನ್ನು ಮೊದಲು ಅದರ ಟೆಕ್ ಭಾಷೆಗೆ ಪರಿವರ್ತಿಸಬೇಕು; ಅದು ಸೂಚಿಸುವ ಸಾಲಿನ ಸಂಖ್ಯೆ ಆ ಪರಿವರ್ತನೆಯಿಂದ ಹುಟ್ಟಿದ ಟೆಕ್ ಕಡತದ್ದೇ ಹೊರತು ಮೂಲ ಎಕ್ಸ್‌ಎಂಎಲ್‌ನದ್ದಲ್ಲ.

ಕೊನೆಗೆ ಎಫ್‌ಒಪಿಯನ್ನೇ ಉಳಿಸಿಕೊಂಡೆ. ಅದರ ಲಾಗ್‌ನಲ್ಲಿ (ಸಂದೇಶಗಳ ದಾಖಲೆ) ಹೊರಚಾಚಿದ ಸಾಲಿನ ಎಚ್ಚರಿಕೆ ಒಂದೇ ಒಂದು ಕಂಡರೂ ಬಿಲ್ಡ್, ಅಂದರೆ ಪಿಡಿಎಫ್ ತಯಾರಿ, ನಿಲ್ಲುವಂತೆ ಸ್ಕ್ರಿಪ್ಟ್ ಬರೆದಿದ್ದೇನೆ. ಕಡೆಯದಾಗಿ ಅದು ನಿಂತದ್ದು ಕೋಷ್ಟಕದ ಕಿರಿದಾದ ಕೋಶದಲ್ಲಿದ್ದ ಉದ್ದನೆಯ ಕಡತದ ವಿಳಾಸವೊಂದರಿಂದ. ಅದರ ಪ್ರತಿ ಓರೆಗೆರೆಯ ನಂತರ ಶೂನ್ಯ ಅಗಲದ ಖಾಲಿ ಅಕ್ಷರ, ಅಂದರೆ ಯೂನಿಕೋಡ್ 200ಬಿ, ಸೇರಿಸಿದಾಗ ಸಾಲು ಮಡಚಿಕೊಂಡಿತು.