ಹಮಾಲರಿಗೆ ತರಬೇತಿ: ಹಾಲ್‌ನಲ್ಲೋ, ಚೀಲದ ಪಕ್ಕದಲ್ಲೋ?

ಮೈಗೆ ಪೆಟ್ಟಾಗದಂತೆ ಚೀಲ ಎತ್ತುವುದನ್ನು ಹಮಾಲರಿಗೆ ಕಲಿಸಲು ರಾಯಚೂರಿನಲ್ಲಿ ಅಕ್ಕಿ ಮಿಲ್ ನಡೆಸುವವರಿಗೆ ಎರಡು ದಾರಿ ಇವೆ.

ಹಾಲ್‌ನಲ್ಲಿ ವಿಡಿಯೋ ತೋರಿಸಿ ಹೇಳಿಕೊಡುವುದು ಸುಲಭ. ಎಲ್ಲರಿಗೂ ಒಂದೇ ದಿನದಲ್ಲಿ ಮುಗಿಯುತ್ತದೆ. ಮರುದಿನ ಲಾರಿ ಬಂದರೆ ಮತ್ತೆ ಹಳೆಯ ರೂಢಿಯೇ.

ಗೋದಾಮಿನಲ್ಲೇ ಚೀಲ ಮುಂದಿಟ್ಟು ಕಲಿಸಲು ಸಮಯ ಜಾಸ್ತಿ ಬೇಕು. ಐದಾರು ಜನರ ಗುಂಪು ಮಾಡಬೇಕು. ಆದರೆ ಮೈಗೆ ರೂಢಿಯಾಗುವುದು ಅಲ್ಲೇ: ಕಾಲು ಅಗಲಿಸಿ ನಿಲ್ಲುವುದು, ಮೊಣಕಾಲು ಮಡಚುವುದು, ಚೀಲವನ್ನು ಮೈಗೆ ಹತ್ತಿರ ಹಿಡಿಯುವುದು, ಸೊಂಟ ತಿರುಚದೆ ಪಾದ ತಿರುಗಿಸುವುದು. ಮೇಸ್ತ್ರಿಯೂ ಕಲಿಯಲಿ, ಅವಸರ ಮಾಡಿಸುವವರು ಅವರೇ ಅಲ್ವಾ? ನಾನಾದರೆ ಇದನ್ನೇ ಆರಿಸುತ್ತೇನೆ.

ಆದರೆ ನಮ್ಮ ಕಡೆ ಭತ್ತದ ಚೀಲ 75 ಕೆಜಿ. ಗಂಡಸೊಬ್ಬ ಹೊರುವ ಭಾರಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಸೂಚಿಸಿದ ಮಿತಿ 55 ಕೆಜಿ. ಇಲ್ಲಿ ತರಬೇತಿಯೊಂದೇ ಸಾಲದು. ಕೈಗಾಡಿ ಕೊಡಿ, ಇಲ್ಲವೇ ಇಬ್ಬರು ಹಿಡಿಯಲಿ.