ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ ಬದುಕು: ಎರಡು ಚಳಿಗಾಲ ಬಳಸಿ ನೋಡಿದ ಮೇಲೆ

ಮೊದಲ ಆರೆಂಟು ವಾರಕ್ಕೆ ಐದರಲ್ಲಿ ಎರಡು ಸ್ಟಾರ್, ಆಮೇಲಿನದಕ್ಕೆ ನಾಲ್ಕೂವರೆ. ಈ ಊರಿನಲ್ಲಿ ಎಲ್ಲರೂ ಹಂಚಿಕೊಂಡು ಬಳಸುವುದೆಲ್ಲ ಅಗ್ಗ, ಇಲ್ಲವೇ ಪುಕ್ಕಟೆ: ಲೈಬ್ರರಿ, ಟ್ರಾಮು, ಕ್ಯಾಂಟೀನು, ಕಾಡು, ಸೌನಾ ಅನ್ನುವ ಬಿಸಿ ಹಬೆಯ ಸ್ನಾನದ ಕೋಣೆ. ಒಬ್ಬರಿಗೇ ಅಂತ ಬೇಕೆಂದರೆ ಜೇಬು ಹರಿಯುತ್ತದೆ: ಸ್ವಂತ ಮನೆ, ಹೋಟೆಲ್ ಊಟ, ಟ್ಯಾಕ್ಸಿ. ಆದರೆ ಆ ಹಂಚಿಕೆಯೊಳಗೆ ಸೇರಿಕೊಳ್ಳಲು ಕೆಲವು ಬೀಗದಕೈ ಬೇಕು, ಮತ್ತು ಒಂದು ಬೀಗದಕೈ ಇನ್ನೊಂದರ ಬೀಗದ ಒಳಗಿರುತ್ತದೆ.

ಮೊದಲನೆಯದು ಹೆಂಕಿಲೋತುನ್ನುಸ್, ಅಂದರೆ ಹುಟ್ಟಿದ ದಿನಾಂಕದಿಂದ ಶುರುವಾಗುವ ಗುರುತು ಸಂಖ್ಯೆ. ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕುವಾಗಲೇ ಇದಕ್ಕೂ ಕೋರಿಕೆ ಇಡಬಹುದು. ಹಾಗೆ ಮಾಡಿದವರಿಗೆ ಪರ್ಮಿಟ್ ನಿರ್ಧಾರದ ಜೊತೆಯಲ್ಲೇ ಸಂಖ್ಯೆ ಬರುತ್ತದೆ. ಅದನ್ನು ಬಿಟ್ಟವರು ಇಲ್ಲಿ ಬಂದಿಳಿದ ಮೇಲೆ ಪುನಃ ಸರದಿಯಲ್ಲಿ ನಿಲ್ಲಬೇಕು. ಎರಡನೆಯದು ಬ್ಯಾಂಕ್ ಖಾತೆ, ಅದರಲ್ಲೂ ಖಾತೆಯ ಜೊತೆ ಸಿಗುವ ಆನ್‌ಲೈನ್ ಗುರುತಿನ ಕೋಡ್. ಫಿನ್‌ಲೆಂಡಿನಲ್ಲಿ ಸರ್ಕಾರಿ ಪೋರ್ಟಲ್ಲಿಗೂ ಆಸ್ಪತ್ರೆ ಅಪಾಯಿಂಟ್‌ಮೆಂಟಿಗೂ ಲಾಗಿನ್ ಆಗುವುದು ಈ ಕೋಡ್‌ನಿಂದಲೇ. ಖಾತೆ ತೆರೆಯಲು ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಹಾಗಾಗಿ ಬಂದ ದಿನವೇ ಎರಡು ಮೂರು ಬ್ಯಾಂಕಿನಲ್ಲಿ ಕೇಳಿಡುವುದು ಒಳ್ಳೆಯದು. ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್, ಓದುತ್ತಿರುವ ಪ್ರಮಾಣಪತ್ರ, ವಿಳಾಸದ ಪುರಾವೆ, ನಾಲ್ಕೂ ಒಂದೇ ಕವರಿನಲ್ಲಿರಲಿ. ಖಾತೆ ತೆರೆಯುವವರೆಗೆ ಊರಿಂದ ತಂದ ಫಾರೆಕ್ಸ್ ಕಾರ್ಡೇ ಗತಿ. ಎರಡು ತಿಂಗಳ ಖರ್ಚಿನಷ್ಟು ಅದರಲ್ಲಿಟ್ಟುಕೊಂಡು ಬನ್ನಿ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ. ಯೂನಿವರ್ಸಿಟಿ ವಿದ್ಯಾರ್ಥಿಗಳ ಆರೋಗ್ಯ ಸೇವೆಗೆ ಪ್ರತಿ ಸೆಮಿಸ್ಟರ್ ಕೆಲಾ ಎಂಬ ಸರ್ಕಾರಿ ಸಾಮಾಜಿಕ ವಿಮಾ ಸಂಸ್ಥೆಗೆ ಶುಲ್ಕ ಕಟ್ಟಬೇಕು. ಮೊತ್ತ ಸಣ್ಣದು, ಆದರೆ ಬಿಲ್ಲು ಬರುವುದಿಲ್ಲ. ನಾವಾಗಿಯೇ ನೆನಪಿಟ್ಟು ಕಟ್ಟಬೇಕು. ಶರತ್ಕಾಲದ್ದಕ್ಕೆ ಸೆಪ್ಟೆಂಬರ್ 30, ವಸಂತದ್ದಕ್ಕೆ ಜನವರಿ 31 ಕಡೆಯ ದಿನ. ಬಿಲ್ಲು ಬರಲಿ, ಆಮೇಲೆ ನೋಡಿಕೊಳ್ಳೋಣ ಅಂತ ಕೂತವರಿಗೆ ಬರುವುದು ದಂಡ ಸೇರಿಸಿದ ನೋಟೀಸು.

ಮನೆ ವಿಷಯಕ್ಕೆ ಬಂದರೆ, ಹೆಚ್ಚಿನವರು 1969ರಲ್ಲಿ ಶುರುವಾದ ವಿದ್ಯಾರ್ಥಿ ವಸತಿ ಪ್ರತಿಷ್ಠಾನ ಹೋವಾಸ್‌ಗೆ ಅರ್ಜಿ ಹಾಕುತ್ತಾರೆ. ಸೀಟು ಖಚಿತವಾದ ದಿನವೇ ಹಾಕಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಇಡೀ ಊರೇ ಮನೆ ಹುಡುಕುತ್ತಿರುತ್ತದೆ. ಬಹಳಷ್ಟು ಕೋಣೆಗಳು ಖಾಲಿ ಕೋಣೆಗಳೇ ಅನ್ನುವುದು ಬೀಗದಕೈ ಕೈಗೆ ಬಂದ ಮೇಲೆ ಗೊತ್ತಾದರೆ ಕಷ್ಟ. ಅಡುಗೆಮನೆಯಲ್ಲಿ ಒಲೆ, ಫ್ರಿಜ್ ಇರುತ್ತವೆ, ಆದರೆ ಮಂಚ, ಹಾಸಿಗೆ, ಪರದೆ ಇರುವುದಿಲ್ಲ, ಸೂರಿನಲ್ಲಿ ದೀಪ ಕೂಡ ಇರುವುದಿಲ್ಲ. ದೀಪ ಕೊಳ್ಳುವ ಮುಂಚೆ ಸೂರಿನ ಸಾಕೆಟ್ಟಿನ ಫೋಟೋ ತೆಗೆದುಕೊಂಡು ಹೋಗಿ, ಹಳೇ ಕಟ್ಟಡದ ಪ್ಲಗ್ಗು ಹೊಸ ಕಟ್ಟಡದ್ದಕ್ಕೆ ಹೊಂದುವುದಿಲ್ಲ. ಸಾಮಾನೆಲ್ಲ ಹೊಸದಾಗಿ ಕೊಳ್ಳುವುದು ದಂಡ. ಮರುಬಳಕೆ ಕೇಂದ್ರ ಕಿಯೆರ್‍ರಾತುಸ್‌ಕೆಸ್ಕುಸ್ ಮತ್ತು ಕಿರ್ಪುತೋರಿ ಅನ್ನುವ ಹಳೇ ಸಾಮಾನಿನ ಸಂತೆಗಳಲ್ಲಿ ಮೇಜು, ಕುರ್ಚಿ, ಪಾತ್ರೆಗಳೆಲ್ಲ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಸಿಂಕಿನ ಮೇಲಿನ ಕಪಾಟಿನ ಬಾಗಿಲು ತೆಗೆದು ತಳವಿಲ್ಲದ ಕಂಬಿಗಳನ್ನು ಕಂಡು ಮುರಿದಿದೆ ಅಂತ ದೂರು ಕೊಡಬೇಡಿ. ತೊಳೆದ ತಟ್ಟೆ ಅಲ್ಲೇ ಇಟ್ಟರೆ ನೀರು ಸಿಂಕಿಗೇ ಸೋರುತ್ತದೆ. ಫಿನ್ನರು ಮಾಡಿಕೊಂಡ ವ್ಯವಸ್ಥೆಗಳಲ್ಲಿ ಇದಕ್ಕೆ ಮಾತ್ರ ಪೂರ್ತಿ ಐದು ಸ್ಟಾರ್.

ಅಡುಗೆ ಮಾಡುವವರಿಗೆ ಎರಡು ಮಾತು. ಒಗ್ಗರಣೆ ಹಾಕುವ ಮೊದಲು ಒಲೆ ಮೇಲಿನ ಹೊಗೆ ಹೀರುವ ಹುಡ್‌ನ ಗುಂಡಿ ತಿರುಗಿಸಿ. ಅನೇಕ ಕಟ್ಟಡಗಳಲ್ಲಿ ಅದು ಫ್ಯಾನ್ ಅಲ್ಲ, ಇಡೀ ಕಟ್ಟಡದ ಗಾಳಿ ಕೊಳವೆಗೆ ಹೊಂದಿಕೊಂಡ ಮುಚ್ಚಳ; ಟೈಮರ್ ಮುಗಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದಾಗ ಒಣಮೆಣಸಿನಕಾಯಿ ಹಾಕಿದರೆ ಕೆಮ್ಮುವುದು ನೀವೊಬ್ಬರೇ ಅಲ್ಲ, ಹೊಗೆ ಅಲಾರಂ ಕೂಡ. ಇನ್ನು ಇಡ್ಲಿ ಹಿಟ್ಟು: ಚಳಿಗಾಲದಲ್ಲೂ ಮನೆಯೊಳಗೆ 20ರಿಂದ 22 ಡಿಗ್ರಿ ಇರುತ್ತದೆ, ಅದು ಹುದುಗಿಗೆ ಸಾಲದು. ಓವನ್ ಆನ್ ಮಾಡದೆ ಒಳಗಿನ ಬಲ್ಬು ಮಾತ್ರ ಹಾಕಿ, ಪಾತ್ರೆ ಇಟ್ಟು ಬಾಗಿಲು ಮುಚ್ಚಿ. 12ರಿಂದ 14 ಗಂಟೆಯಲ್ಲಿ ಹಿಟ್ಟು ಉಬ್ಬುತ್ತದೆ. ಹೊಸ ಎಲ್ಇಡಿ ಬಲ್ಬಾದರೆ ಕಾವು ಬರುವುದಿಲ್ಲ, ಒಂದು ಚೊಂಬು ಬಿಸಿನೀರು ಪಕ್ಕಕ್ಕಿಡಿ. ಬೇಳೆ, ಸಾಂಬಾರ ಪದಾರ್ಥಕ್ಕೆ ಹಕಾನಿಯೆಮಿ ಸುತ್ತಮುತ್ತಲಿನ ಏಷ್ಯನ್ ಅಂಗಡಿಗಳಿವೆ. ಅಂಗಡಿಯಿಂದ ತಂದ ಪಾನೀಯದ ಬಾಟಲಿ, ಡಬ್ಬಿ ಎಸೆಯಬೇಡಿ. ಅವುಗಳ ಬೆಲೆಯಲ್ಲಿ ಪಾಂತ್ತಿ ಅನ್ನುವ ಠೇವಣಿ ಸೇರಿರುತ್ತದೆ: ಡಬ್ಬಿಗೆ 15 ಸೆಂಟ್, ಒಂದು ಲೀಟರಿಗಿಂತ ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 40. ಯಂತ್ರದೊಳಗೆ ತಳ್ಳಿದರೆ ಚೀಟಿ ಬರುತ್ತದೆ. ಡಬ್ಬಿ ಜಜ್ಜಿದ್ದರೆ ಬಾರ್‌ಕೋಡ್ ಓದಲಾಗದೆ ವಾಪಸ್ ಉಗುಳುತ್ತದೆ.

ಮಧ್ಯಾಹ್ನದ ಊಟ ಹೊರಗೆ ಮಾಡಿ, ಅದೂ ವಿದ್ಯಾರ್ಥಿ ಕ್ಯಾಂಟೀನಿನಲ್ಲೇ. ಕೆಲಾ ಸಹಾಯಧನದಿಂದ ಊಟ ಸುಮಾರು 3 ಯೂರೋಗೆ ಬರುತ್ತದೆ. ಬೇರೆಲ್ಲೂ ಆ ದುಡ್ಡಿಗೆ ಒಂದು ಕಾಫಿ ಸಿಕ್ಕರೆ ಹೆಚ್ಚು. ಆ ಬೆಲೆಯಲ್ಲಿ ಮುಖ್ಯ ತಿನಿಸು, ಅನ್ನ ಅಥವಾ ಆಲೂಗಡ್ಡೆ, ಸಲಾಡ್, ಬ್ರೆಡ್ಡು, ಕುಡಿಯಲು ಏನಾದರೂ ಎಲ್ಲ ಸೇರಿದೆ. ಬೋರ್ಡಿನಲ್ಲಿ ಕಸ್ವಿಸ್ ಅಂದರೆ ಸಸ್ಯಾಹಾರ, ವೆಗಾನಿ ಅಂದರೆ ಹಾಲೂ ಇಲ್ಲ. ಮೀನಿಗೆ ಕಾಲಾ, ಕೋಳಿಗೆ ಕಾನಾ, ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ನೋಡಿಕೊಳ್ಳಿ. ರುಚಿ? ಉಪ್ಪೂ ಮಂದ, ಖಾರವೂ ಮಂದ. ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ ಒಯ್ಯುವವರನ್ನು ಯಾರೂ ದುರುಗುಟ್ಟಿ ನೋಡುವುದಿಲ್ಲ. ಹಾಲಿನ ನಲ್ಲಿಯ ಪಕ್ಕದ ನಲ್ಲಿಯಲ್ಲಿ ಬರುವ ದಪ್ಪನೆಯ ಪೀಮ್ಯಾ ನಮ್ಮ ಮಜ್ಜಿಗೆಯ ದೂರದ ನೆಂಟ. ನೀರು, ಉಪ್ಪು, ಶುಂಠಿ ಸೇರಿಸಿದರೆ ಹತ್ತಿರದ ನೆಂಟನಾಗುತ್ತದೆ.

ಓಡಾಟ: ಎಚ್‌ಎಸ್‌ಎಲ್ ಎಂಬ ಸಾರಿಗೆ ಸಂಸ್ಥೆಯ ಒಂದೇ ಟಿಕೆಟಿನಲ್ಲಿ ಬಸ್ಸು, ಟ್ರಾಮು, ಮೆಟ್ರೋ, ಲೋಕಲ್ ರೈಲು, ಸುವೊಮೆನ್ಲಿನ್ನಾ ದೋಣಿ ಎಲ್ಲ ನಡೆಯುತ್ತದೆ. ವಲಯ ಎ, ಬಿ, ಸಿ, ಡಿ. ಹೆಚ್ಚಿನವರಿಗೆ ಎಬಿ ಸಾಕು. ಪೂರ್ಣಾವಧಿ ಓದುವ, ಈ ಪ್ರದೇಶದಲ್ಲೇ ವಾಸವಿರುವ ವಿದ್ಯಾರ್ಥಿಗೆ ಪಾಸ್ ಮೇಲೆ 45 ಶೇಕಡಾ ರಿಯಾಯಿತಿ. ಆಪ್‌ನಲ್ಲಿ ಅದನ್ನು ಚಾಲೂ ಮಾಡಲು ಮತ್ತೆ ಅದೇ ಬ್ಯಾಂಕ್ ಕೋಡ್! ಅದು ಇಲ್ಲದವರು ವಿದ್ಯಾರ್ಥಿ ಕಾರ್ಡು, ಗುರುತುಪತ್ರ ಹಿಡಿದು ಸೇವಾ ಕೌಂಟರಿಗೆ ಹೋಗಿ. ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಊರ ನಡುವಿನ ಸ್ಟೇಷನ್ನಿಗೂ ಅದಕ್ಕೂ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಎಬಿ ಪಾಸಿನಲ್ಲೇ ಕೂತು ಹೋದವರು ಸಿಕ್ಕಿಬೀಳುವುದು ಸೂಟ್‌ಕೇಸಿನ ಸಮೇತ. ಮೆಟ್ರೋಗೆ ಗೇಟಿಲ್ಲ, ಟ್ರಾಮಿಗೆ ಕಂಡಕ್ಟರ್ ಇಲ್ಲ, ಹಾಗಂತ ತಪಾಸಣೆ ಇಲ್ಲ ಅಂದುಕೊಂಡರೆ ಕೆಟ್ಟಿರಿ.

ಊರು ನೋಡುವುದಕ್ಕೆ ಪ್ರವಾಸಿ ಪಟ್ಟಿ ಬೇಡ. 1748ರಲ್ಲಿ ಸ್ವೀಡನ್ನಿನವರು ಕಟ್ಟಲು ಶುರುಮಾಡಿದ ಕೋಟೆದ್ವೀಪ ಸುವೊಮೆನ್ಲಿನ್ನಾಕ್ಕೆ ಮಾರುಕಟ್ಟೆ ಚೌಕದಿಂದ 15 ನಿಮಿಷದ ದೋಣಿ; ಪಾಸ್ ಇದ್ದರೆ ಬೇರೆ ದುಡ್ಡಿಲ್ಲ. ಬೇಸಿಗೆಗಿಂತ ಫೆಬ್ರವರಿಯಲ್ಲಿ ಹೋಗಿ, ದೋಣಿ ಮಂಜುಗಡ್ಡೆ ಒಡೆಯುತ್ತ ಸಾಗುವ ಸದ್ದು ಕೇಳಲಿಕ್ಕಾದರೂ. ವೀಕ್ಕಿ ಕಡೆಯಿಂದ ಜೊಂಡುಹುಲ್ಲಿನ ನಡುವೆ ಮರದ ಹಲಗೆ ಹಾದಿಯಲ್ಲಿ ನಡೆದರೆ ಲಮ್ಮಾಸ್ಸಾರಿ ದ್ವೀಪ. ನಗರ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ಟೇ ಇಲ್ಲ. ಸಂಸತ್ ಭವನದ ಎದುರಿಗೆ 2018ರ ಡಿಸೆಂಬರಿನಲ್ಲಿ ತೆರೆದ ಲೈಬ್ರರಿಯ ಹೆಸರೇ ‘ಓದಿ’ (Oodi). ಫಿನ್ನಿಷ್‌ನಲ್ಲಿ ಅದು ಪ್ರಗಾಥ (ಇಂಗ್ಲಿಷಿನ ಓಡ್ ಬಗೆಯ ಕವಿತೆ) ಎಂಬರ್ಥದ ಪದ. ಕನ್ನಡಿಗರಿಗೆ ಮಾತ್ರ ಬೋರ್ಡೇ ಮರ್ಯಾದೆಯಿಂದ ಅಪ್ಪಣೆ ಕೊಟ್ಟಂತಿದೆ. ಪುಸ್ತಕವೆಲ್ಲ ಮೂರನೇ ಮಹಡಿಯಲ್ಲಿ. ಎರಡನೆಯದರಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್, ಕಾಯ್ದಿರಿಸುವ ಕೋಣೆಗಳು. ಕಾರ್ಡು ಉಚಿತ, ಎಸ್ಪೂ ಮತ್ತು ವಾಂತಾ ಲೈಬ್ರರಿಗಳಲ್ಲೂ ನಡೆಯುತ್ತದೆ.

ಇನ್ನು ಚಳಿ. ಹೆದರಿಸುವುದು ಚಳಿಯಲ್ಲ, ಕತ್ತಲೆ. ಡಿಸೆಂಬರ್ ನಡುವಿನಲ್ಲಿ ಹಗಲು ಆರು ಗಂಟೆಗೂ ಕಡಿಮೆ. ಅದಕ್ಕಿಂತ ಕೆಟ್ಟದ್ದು ನವೆಂಬರ್: ಬೆಳಕೂ ಇಲ್ಲ, ಬೆಳಕನ್ನು ಹಿಂದಿರುಗಿಸುವ ಹಿಮವೂ ಇಲ್ಲ, ಬರೀ ಜಿಟಿಜಿಟಿ. ಕೋಟಿನ ಜೇಬಿನಿಂದ ಮೊಣಕಾಲ ಎತ್ತರಕ್ಕೆ ತೂಗುವ ಹೆಯಸ್ತಿನ್, ಅಂದರೆ ಬೆಳಕು ಹೊಡೆದರೆ ಮಿನುಗುವ ಬಿಲ್ಲೆ, ಕಾನೂನಿನ ಪ್ರಕಾರವೇ ಕತ್ತಲಲ್ಲಿ ನಡೆಯುವವರಿಗೆ ಬೇಕು. ದಪ್ಪ ಜಾಕೆಟ್ ಊರಿಂದ ಹೊತ್ತು ತರಬೇಡಿ. ಮೈಗಂಟುವ ಉಣ್ಣೆಯ ಒಳಅಂಗಿ, ಗಾಳಿ ನುಗ್ಗದ ಹೊರಕೋಟು, ಉಣ್ಣೆ ಕಾಲುಚೀಲಕ್ಕೆ ಜಾಗವಿರುವಂತೆ ಒಂದು ಸೈಜ್ ದೊಡ್ಡ ಶೂ ಇಲ್ಲೇ ಕೊಳ್ಳಿ. ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಬೆಳಿಗ್ಗೆ ಪಾದಚಾರಿ ದಾರಿ ಗಾಜಿನಂತಾಗುತ್ತದೆ. ಶೂಗೆ ಎಳೆದು ಹಾಕುವ ಮೊಳೆಪಟ್ಟಿ ಆಗ ಕಾಪಾಡುತ್ತದೆ, ಆದರೆ ಅಂಗಡಿಯೊಳಗಿನ ನುಣುಪು ಟೈಲ್ಸಿನ ಮೇಲೆ ಅದೇ ಮೊಳೆ ಜಾರಿಸಿ ಬೀಳಿಸುತ್ತದೆ, ಬಾಗಿಲಲ್ಲೇ ಕಳಚಿ.

ಕತ್ತಲೆಗೆ ಊರಿನವರ ಮದ್ದು ಸೌನಾ. ಅನೇಕ ವಿದ್ಯಾರ್ಥಿ ಕಟ್ಟಡಗಳಲ್ಲಿ ವಾರಕ್ಕೊಂದು ಸರದಿ ಕಾಯ್ದಿರಿಸಬಹುದು, ಇಲ್ಲವೇ ಕಲ್ಲಿಯೊ ಬಡಾವಣೆಯಲ್ಲಿ 1928ರಲ್ಲಿ ಶುರುವಾದ, ಕಟ್ಟಿಗೆ ಉರಿಸುವ ಸಾರ್ವಜನಿಕ ಸೌನಾ ಕೋತಿಹಾರ್ಯು ಇದೆ. ಮೊದಲು ಸ್ನಾನ, ಕೂರುವ ಜಾಗಕ್ಕೆ ಟವೆಲ್. ಮೇಲಿನ ಮೆಟ್ಟಿಲು ಹೆಚ್ಚು ಬಿಸಿ, ಕೆಳಗಿನದರಿಂದ ಶುರುಮಾಡಿ. ಕಲ್ಲಿಗೆ ನೀರು ಸುರಿಯುವ ಮುನ್ನ ಪಕ್ಕದವರನ್ನು ಒಂದು ಮಾತು ಕೇಳಿ. ಟ್ರಾಮಿನಲ್ಲಿ ಎರಡು ವರ್ಷ ಬಾಯಿ ಬಿಡದ ಜನ ಅಲ್ಲಿ ಮಾತಾಡುತ್ತಾರೆ.