ಮಕಾಕ್ ಕೋತಿಗಳ ಪೂರ್ವ ಆರೋಗ್ಯ ಮಾಪನ: ಒಂದು ಸೇವೆಯ ವಿಮರ್ಶೆ

ಔಷಧ ಸುರಕ್ಷತಾ ಅಧ್ಯಯನಕ್ಕೆ ಆಯ್ಕೆಯಾದ ಉದ್ದ ಬಾಲದ ಮಕಾಕ್ ಕೋತಿಗಳ ಆರೋಗ್ಯವನ್ನು ಮೊದಲ ಡೋಸ್‌ಗೆ ಮುನ್ನವೇ ಅಳೆದು ವರದಿ ನೀಡುವ ಪ್ರಯೋಗಾಲಯವೊಂದರ ಸೇವೆಯನ್ನು ನಾವು ಪಡೆದೆವು. ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡಗಳ ಸ್ಥಿತಿ, ಇಸಿಜಿ, ತೂಕ ಎಲ್ಲವೂ ವರದಿಯಲ್ಲಿವೆ, ಕೋಷ್ಟಕಗಳು ಅಚ್ಚುಕಟ್ಟಾಗಿವೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಪ್ರತಿಯೊಂದು ಮಾದರಿಯನ್ನು ಯಾವ ಸ್ಥಿತಿಯಲ್ಲಿ ಪಡೆಯಲಾಯಿತೆಂಬುದರ ದಾಖಲೆ. ಹಿಡಿದಾಗ ಗಾಬರಿಗೊಂಡ ಕೋತಿಯಲ್ಲಿ ಹೃದಯ ಬಡಿತ, ಗ್ಲೂಕೋಸ್ ಮತ್ತು ಬಿಳಿ ರಕ್ತಕಣಗಳು ಏರಬಹುದು. ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೆ ಕ್ರಿಯಾಟಿನ್ ಕೈನೇಸ್ (ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಕಿಣ್ವ) ಹೆಚ್ಚಬಹುದು. ಇವನ್ನು ಬರೆದಿಡದಿದ್ದರೆ ಔಷಧ ಮಾಡದ ತಪ್ಪು ಔಷಧದ ತಲೆಗೇ ಬರುತ್ತದೆ. ಕುರ್ಚಿಯಲ್ಲಿ ಕೂರಲು ಪ್ರಾಣಿಗಳನ್ನು ಮೊದಲೇ ರೂಢಿ ಮಾಡಿಸಿದ್ದರಿಂದ (ಇದು ಪ್ರಾಣಿಗಳ ಹಿತಕ್ಕೂ ಒಳ್ಳೆಯದೇ) ಇಸಿಜಿ ಓದುಗಳು ಸ್ಥಿರವಾಗಿದ್ದವು.

ಉಲ್ಲೇಖ ಮಿತಿಗಳ (ಆರೋಗ್ಯವಂತ ಪ್ರಾಣಿಗಳಲ್ಲಿ ಸಹಜವೆನಿಸುವ ಅಳತೆಗಳ ಮೇಲಿನ ಮತ್ತು ಕೆಳಗಿನ ಅಂಚುಗಳ) ವಿಭಾಗ ಮಾತ್ರ ದುರ್ಬಲ. ಬೆಳೆಯುವ ಮೂಳೆಗಳಿಂದಾಗಿ ಎಳೆಯ ಕೋತಿಗಳ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಹೆಚ್ಚಿರುತ್ತದೆ. ಆದರೂ ಎಲ್ಲ ವಯಸ್ಸಿಗೂ ಒಂದೇ ಮಿತಿ ಕೊಡಲಾಗಿದೆ. ಮೂಲ ಬೇರೆಯಾದರೆ ಅಳತೆಗಳೂ ಬೇರೆಯಾಗಬಹುದಾದರೂ, ಮಾರಿಷಸ್ ಮೂಲದ ಕೋತಿಗಳನ್ನು ಏಷ್ಯಾ ಮೂಲದವುಗಳಿಂದ ಬೇರ್ಪಡಿಸಿಲ್ಲ. ಇಂತಹ ಮಿತಿಗಳಿಗೆ ಕನಿಷ್ಠ 120 ಆರೋಗ್ಯವಂತ ಜೀವಿಗಳ ಮಾಹಿತಿ ಬೇಕೆಂಬುದು ರೂಢಿಯ ಶಿಫಾರಸು. ಇಲ್ಲಿ ಆ ಸಂಖ್ಯೆಯನ್ನೇ ನಮೂದಿಸಿಲ್ಲ.

ಪ್ರತಿ ಗುಂಪಿನಲ್ಲಿ ಸಾಮಾನ್ಯವಾಗಿ ಕೆಲವೇ ಕೋತಿಗಳಿರುವುದರಿಂದ, ಪ್ರತಿ ಪ್ರಾಣಿಯನ್ನು ಅದರದೇ ಹಿಂದಿನ ಅಳತೆಗಳೊಡನೆ ಹೋಲಿಸುವುದೇ ಹೆಚ್ಚು ಭರವಸೆಯ ದಾರಿ; ಹಾಗಾಗಿ ಎರಡನೆಯ ಪೂರ್ವ ಮಾಪನಕ್ಕೆ ಪ್ರತ್ಯೇಕ ಶುಲ್ಕ ಕೇಳುವ ಪದ್ಧತಿ ನನಗೆ ಒಪ್ಪಿಗೆಯಾಗಲಿಲ್ಲ.